‘ಆಫ್’ ಎಂದರೆ ಸೊನ್ನೆಯೇ? – ಲ್ಯಾಕ್ ಆಪರಾನ್ ಪಾಠದ ಎರಡು ಅವಧಿಗಳ ಅನುಭವ

ಇಂಟರ್ನ್‌ಶಿಪ್‌ನ ಎರಡನೇ ತಿಂಗಳಲ್ಲಿ ನನಗೆ ದ್ವಿತೀಯ ಪಿಯುಸಿ ಜೀವಶಾಸ್ತ್ರದ ಎರಡು ಅವಧಿಗಳು ದೊರೆತವು. ನಾನು ಹೋಗುತ್ತಿದ್ದ ಸಂಸ್ಥೆಯಲ್ಲಿ ಪ್ರೌಢಶಾಲೆ ಮತ್ತು ಪದವಿಪೂರ್ವ ವಿಭಾಗ ಒಂದೇ ಆವರಣದಲ್ಲಿವೆ. ಅಲ್ಲಿಯವರೆಗೆ ನಾನು ಎಂಟು, ಒಂಬತ್ತನೇ ತರಗತಿಗಳಿಗಷ್ಟೇ ಪಾಠ ಮಾಡಿದ್ದೆ. ಜೀವಶಾಸ್ತ್ರದ ಉಪನ್ಯಾಸಕರು ‘ಅನುವಂಶೀಯತೆಯ ಅಣುಮಟ್ಟದ ಆಧಾರ’ ಅಧ್ಯಾಯದಲ್ಲಿ ಲ್ಯಾಕ್ ಆಪರಾನ್ ಭಾಗವನ್ನು ನನಗೆ ಬಿಟ್ಟುಕೊಟ್ಟರು. ಬಿಎಸ್ಸಿಯಲ್ಲಿ ಸೂಕ್ಷ್ಮಜೀವಶಾಸ್ತ್ರ ಓದಿದ್ದರಿಂದ ಈ ಭಾಗ ನನಗೆ ಚೆನ್ನಾಗಿ ಗೊತ್ತು ಎಂಬ ಧೈರ್ಯ ನನಗಿತ್ತು. ಆ ಧೈರ್ಯ ಮೊದಲ ಅವಧಿಯ ಕೊನೆಯ ಐದು ನಿಮಿಷದಲ್ಲಿ ಹೇಗೆ ಕುಸಿಯಿತು, ಎರಡನೇ ಅವಧಿಯನ್ನು ಅದಕ್ಕಾಗಿ ಹೇಗೆ ಬದಲಿಸಿಕೊಂಡೆ ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ವಿಷಯದ ತಿರುಳು

ಕರುಳಿನಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಕ್ಕೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಬಳಸಲು ಮುಖ್ಯವಾಗಿ ಎರಡು ಪ್ರೋಟೀನ್ ಬೇಕು. ಒಂದು, ಲ್ಯಾಕ್ಟೋಸನ್ನು ಪೊರೆಯ ಮೂಲಕ ಒಳಗೆ ತರುವ ಪರ್ಮಿಯೇಸ್. ಇನ್ನೊಂದು, ಒಳಗೆ ಬಂದ ಲ್ಯಾಕ್ಟೋಸನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆಯುವ ಬೀಟಾ ಗ್ಯಾಲಕ್ಟೋಸಿಡೇಸ್. ಇವುಗಳ ಜೀನ್‌ಗಳು ಕ್ರಮವಾಗಿ ವೈ ಮತ್ತು ಝಡ್. ಇವುಗಳ ಜೊತೆ ಎ ಎಂಬ ಮೂರನೇ ಜೀನ್ ಸೇರಿ ಮೂರೂ ಒಂದೇ ಸಾಲಿನಲ್ಲಿವೆ. ಮೂರಕ್ಕೂ ಒಂದೇ ಪ್ರಮೋಟರ್, ಒಂದೇ ಆಪರೇಟರ್.

ಸ್ವಲ್ಪ ಆಚೆ ಇರುವ ಐ ಜೀನ್ ರಿಪ್ರೆಸರ್ ಎಂಬ ನಿಯಂತ್ರಕ ಪ್ರೋಟೀನನ್ನು ತಯಾರಿಸುತ್ತದೆ. ಲ್ಯಾಕ್ಟೋಸ್ ಇಲ್ಲದಾಗ ರಿಪ್ರೆಸರ್ ಆಪರೇಟರ್ ಮೇಲೆ ಕೂರುತ್ತದೆ, ಆರ್‌ಎನ್‌ಎ ಪಾಲಿಮರೇಸ್‌ಗೆ ದಾರಿ ಸಿಗುವುದಿಲ್ಲ. ಲ್ಯಾಕ್ಟೋಸ್ ಬಂದಾಗ ಅದರಿಂದ ಉಂಟಾಗುವ ಅಲೋಲ್ಯಾಕ್ಟೋಸ್ ರಿಪ್ರೆಸರ್‌ಗೆ ಅಂಟಿಕೊಳ್ಳುತ್ತದೆ. ಆಗ ರಿಪ್ರೆಸರ್‌ನ ಆಕಾರ ಬದಲಾಗಿ ಡಿಎನ್‌ಎ ಮೇಲಿನ ಅದರ ಹಿಡಿತ ಸಡಿಲವಾಗುತ್ತದೆ, ಜೀನ್‌ಗಳ ನಕಲು ಶುರುವಾಗುತ್ತದೆ. ಇಷ್ಟನ್ನು ಒಂದು ಚಿತ್ರದಲ್ಲಿ ತೋರಿಸಬಹುದು ಎಂದುಕೊಂಡಿದ್ದೆ.

ಮೊದಲ ಅವಧಿ

ಪೀಠಿಕೆಗೆ ತರಗತಿಯ ಟ್ಯೂಬ್‌ಲೈಟನ್ನೇ ಬಳಸಿದೆ. ಸ್ವಿಚ್ ಆರಿಸಿ, “ದೀಪ ಹೋಯಿತು, ವೈರ್ ಹೋಯಿತೇ?” ಎಂದು ಕೇಳಿದೆ. “ಇಲ್ಲ” ಎಂದರು. “ಹಾಗೆಯೇ ಜೀನ್ ಆಫ್ ಆದರೂ ಡಿಎನ್‌ಎ ಎಲ್ಲಿಗೂ ಹೋಗುವುದಿಲ್ಲ” ಎಂದೆ. ಜೀನ್ ಆಫ್ ಆಗುವುದು ಎಂದರೆ ಜೀನ್ ಕಳೆದುಹೋಗುವುದು ಎಂದು ತಿಳಿಯುವ ವಿದ್ಯಾರ್ಥಿಗಳು ಇರುತ್ತಾರೆ. ಆ ತಪ್ಪು ಕಲ್ಪನೆಯನ್ನು ಈ ಉದಾಹರಣೆ ಸುಲಭವಾಗಿ ತೆಗೆಯಿತು. ನಿರೂಪಣೆಗೆ ಚಾರ್ಟ್ ತೂಗುಹಾಕಿ ಎರಡು ಸ್ಥಿತಿ ವಿವರಿಸಿದೆ. ಲ್ಯಾಕ್ಟೋಸ್ ಇಲ್ಲ, ಆಫ್. ಲ್ಯಾಕ್ಟೋಸ್ ಇದೆ, ಆನ್. ಎಲ್ಲರೂ ತಲೆಯಾಡಿಸಿದರು. ಪಾಠ ಯೋಜನೆಯ ಪ್ರಕಾರ ಮೂರು ನಿಮಿಷ ಮುಂದೆಯೇ ಇದ್ದೆ.

ಮೌಲ್ಯಮಾಪನಕ್ಕೆ ಬಂದಾಗ ಮೊದಲ ಎಡವಟ್ಟು ಕಂಡಿತು. “ಲ್ಯಾಕ್ಟೋಸ್ ಏನು ಮಾಡುತ್ತದೆ?” ಎಂದರೆ ಹೆಚ್ಚಿನವರ ಉತ್ತರ, “ಜೀನನ್ನು ಆನ್ ಮಾಡುತ್ತದೆ.” ರಿಪ್ರೆಸರ್‌ನ ಹೆಸರೇ ಅವರ ಉತ್ತರದಲ್ಲಿ ಇರಲಿಲ್ಲ. ಲ್ಯಾಕ್ಟೋಸ್ ಬೆರಳಿನಂತೆ ಬಂದು ಸ್ವಿಚ್ ಒತ್ತುತ್ತದೆ ಎಂದು ಅವರು ತಿಳಿದಿದ್ದರು. ತಡೆಯುವುದನ್ನು ತಡೆಯುವ ಎರಡು ಹೆಜ್ಜೆ ಅವರ ಮನಸ್ಸಿನಲ್ಲಿ ಒಂದೇ ಹೆಜ್ಜೆಯಾಗಿತ್ತು.

ಅದನ್ನು ತಿದ್ದುತ್ತಿರುವಾಗ ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. “ಮ್ಯಾಮ್, ಆಫ್ ಇದ್ದಾಗ ಪರ್ಮಿಯೇಸ್ ಇರಲ್ಲ ಅಂದ್ರಿ. ಪರ್ಮಿಯೇಸ್ ಇಲ್ದೆ ಲ್ಯಾಕ್ಟೋಸ್ ಒಳಗೆ ಬರಲ್ಲ ಅಂದ್ರಿ. ಮತ್ತೆ ಫಸ್ಟ್ ಲ್ಯಾಕ್ಟೋಸ್ ಒಳಗೆ ಹೆಂಗೆ ಬಂತು?”

ತರಗತಿ ನನ್ನ ಕಡೆ ನೋಡಿತು. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ನಮೂನೆ ಹಿಡಿದು ಕುಳಿತಿದ್ದರು. ನನಗೆ ಉತ್ತರ ಹೊಳೆಯಲಿಲ್ಲ. “ಗೊತ್ತಿಲ್ಲ, ನಾಳೆ ಹೇಳುತ್ತೇನೆ” ಎನ್ನಲು ನಾಲಿಗೆ ಬರಲಿಲ್ಲ. “ಸ್ವಲ್ಪ ಲ್ಯಾಕ್ಟೋಸ್ ವಿಸರಣೆಯಿಂದ ತಾನಾಗಿಯೇ ಒಳಗೆ ಬರುತ್ತದೆ” ಎಂದುಬಿಟ್ಟೆ. ಅವಳು ಕುಳಿತು ಅದನ್ನು ನೋಟ್ಸ್‌ನಲ್ಲಿ ಬರೆದುಕೊಂಡಳು. ಪಕ್ಕದವರು ಅವಳ ಪುಸ್ತಕ ನೋಡಿ ತಾವೂ ಬರೆದುಕೊಂಡರು. ಗಂಟೆ ಹೊಡೆಯಿತು.

ಉಪನ್ಯಾಸಕರ ಮಾತು, ಪುಸ್ತಕದ ಸಾಲು

ಅವಧಿಯ ನಂತರದ ಚರ್ಚೆಯಲ್ಲಿ ಮಾರ್ಗದರ್ಶಕರು ಚಾರ್ಟ್, ಧ್ವನಿ, ಕಪ್ಪುಹಲಗೆ ಬಳಕೆ ಎಲ್ಲದಕ್ಕೂ ಒಳ್ಳೆಯ ಮಾತನ್ನೇ ಹೇಳಿದರು. ಕೊನೆಗೆ, “ಆ ಹುಡುಗಿ ಕೇಳಿದ್ದು ಇವತ್ತಿನ ಪಾಠದಲ್ಲೇ ಒಳ್ಳೆಯ ಪ್ರಶ್ನೆ. ಅದಕ್ಕೆ ನೀವು ನಾಲ್ಕು ಸೆಕೆಂಡಿನಲ್ಲಿ ಉತ್ತರ ಕೊಟ್ಟಿರಿ. ಪುಸ್ತಕ ಮತ್ತೊಮ್ಮೆ ನೋಡಿ” ಎಂದರು. ಉತ್ತರ ಏನೆಂದು ಅವರು ಹೇಳಲಿಲ್ಲ.

ಸಂಜೆ ಪಠ್ಯಪುಸ್ತಕ ತೆರೆದೆ. ಅದೇ ಪುಟದಲ್ಲಿ, ನಾನು ಅಡಿಗೆರೆ ಹಾಕಿದ್ದ ಎರಡು ವಾಕ್ಯಗಳ ನಡುವೆ, ಅಡಿಗೆರೆ ಹಾಕದ ಒಂದು ವಾಕ್ಯವಿತ್ತು. ಲ್ಯಾಕ್ ಆಪರಾನ್ ಯಾವಾಗಲೂ ಅತಿ ಕಡಿಮೆ ಮಟ್ಟದಲ್ಲಿ ಕೆಲಸ ಮಾಡುತ್ತಲೇ ಇರಬೇಕು, ಇಲ್ಲದಿದ್ದರೆ ಲ್ಯಾಕ್ಟೋಸ್ ಕೋಶದ ಒಳಗೆ ಬರಲಾರದು ಎಂಬುದು ಅದರ ಅರ್ಥ. ಬಿಎಸ್ಸಿಯಲ್ಲೂ ಓದಿದ್ದೆ, ಪಾಠ ತಯಾರಿಸುವಾಗಲೂ ಓದಿದ್ದೆ. ನನ್ನ ಚಾರ್ಟ್‌ನಲ್ಲಿ ಅದಕ್ಕೆ ಜಾಗವಿಲ್ಲದ ಕಾರಣ ಕಣ್ಣು ಅದರ ಮೇಲೆ ನಿಂತಿರಲಿಲ್ಲ.

ನಾನು ಕೊಟ್ಟ ಉತ್ತರ ಏಕೆ ತಪ್ಪು ಎಂದು ಬರೆದು ನೋಡಿದೆ. ಲ್ಯಾಕ್ಟೋಸ್ ಎರಡು ಸಕ್ಕರೆ ಘಟಕ ಸೇರಿದ, ನೀರಿನಲ್ಲಿ ಕರಗುವ ಅಣು. ಕೊಬ್ಬಿನ ಪದರವಾದ ಕೋಶಪೊರೆಯನ್ನು ಅದು ತಾನಾಗಿ ದಾಟುವುದು ಸುಲಭವಲ್ಲ. ವಿಸರಣೆಯೇ ಸಾಕಾಗಿದ್ದರೆ ಬ್ಯಾಕ್ಟೀರಿಯಕ್ಕೆ ಪರ್ಮಿಯೇಸ್ ಜೀನ್ ಯಾಕೆ ಬೇಕಿತ್ತು?

ಅವಳ ಪ್ರಶ್ನೆಯ ಆಳವೂ ಆಗಲೇ ಪೂರ್ತಿ ಕಂಡಿತು. ರಿಪ್ರೆಸರನ್ನು ಬಿಡಿಸುವುದು ಲ್ಯಾಕ್ಟೋಸ್ ಅಲ್ಲ, ಅಲೋಲ್ಯಾಕ್ಟೋಸ್. ಲ್ಯಾಕ್ಟೋಸನ್ನು ಅಲೋಲ್ಯಾಕ್ಟೋಸ್ ಆಗಿ ಮಾರ್ಪಡಿಸುವುದು ಬೀಟಾ ಗ್ಯಾಲಕ್ಟೋಸಿಡೇಸ್. ಅಂದರೆ ಒಳಗೆ ತರುವ ಪ್ರೋಟೀನೂ ಬೇಕು, ಮಾರ್ಪಡಿಸುವ ಕಿಣ್ವವೂ ಬೇಕು. ಎರಡೂ ಮುಚ್ಚಿದ ಆಪರಾನ್‌ನಿಂದಲೇ ಬರಬೇಕು. ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟ ಹಾಗೆ. ಬೀಗ ಸ್ವಲ್ಪವೂ ಸಡಿಲವಿಲ್ಲದಿದ್ದರೆ ಆ ಪೆಟ್ಟಿಗೆ ಎಂದಿಗೂ ತೆರೆಯುವುದಿಲ್ಲ.

ಬೀಗ ಸಡಿಲವಾಗಿಯೇ ಇರುತ್ತದೆ. ರಿಪ್ರೆಸರ್ ಮತ್ತು ಆಪರೇಟರ್ ನಡುವಿನದು ಬೆಸುಗೆಯಲ್ಲ, ಬಿಗಿಯಾದರೂ ಬಿಡುವ ಹಿಡಿತ. ಒಂದು ಕೋಶದಲ್ಲಿ ರಿಪ್ರೆಸರ್ ಇರುವುದೂ ಸುಮಾರು 10 ಅಣುಗಳಷ್ಟೇ. ಆಗಾಗ ಅದು ಆಪರೇಟರ್‌ನಿಂದ ಕಳಚುತ್ತದೆ, ಮತ್ತೆ ಕೂರುತ್ತದೆ. ಆ ಬಿಡುವಿನಲ್ಲಿ ಪಾಲಿಮರೇಸ್ ಎಲ್ಲೋ ಒಮ್ಮೆ ದಾಟಿಬಿಡುತ್ತದೆ. ಆದ್ದರಿಂದ ಲ್ಯಾಕ್ಟೋಸ್ ಇಲ್ಲದ ಕೋಶದಲ್ಲೂ ಬೀಟಾ ಗ್ಯಾಲಕ್ಟೋಸಿಡೇಸ್‌ನ ಕೆಲವೇ ಕೆಲವು ಅಣುಗಳು ಇರುತ್ತವೆ. ಲ್ಯಾಕ್ಟೋಸ್ ಬಂದ ಮೇಲೆ ಅವು ಸಾವಿರಾರು ಆಗುತ್ತವೆ. ಹೆಚ್ಚಳ ಸುಮಾರು 1000 ಪಟ್ಟು. ಆದರೆ ಆರಂಭದ ಸಂಖ್ಯೆ ಸೊನ್ನೆಯಲ್ಲ. ನನ್ನ ಟ್ಯೂಬ್‌ಲೈಟ್ ಉದಾಹರಣೆ ಹೇಳಿಕೊಟ್ಟದ್ದು ಸೊನ್ನೆಯನ್ನು.

ಎರಡನೇ ಅವಧಿ

ಮರುದಿನ ತರಗತಿಗೆ ಹೋದ ಕೂಡಲೇ ಹೇಳಿದೆ: “ನಿನ್ನೆ ವಿಸರಣೆ ಎಂದು ನಾನು ಹೇಳಿದ್ದು ತಪ್ಪು. ಬರೆದುಕೊಂಡವರು ಅದರ ಮೇಲೆ ಗೆರೆ ಎಳೆಯಿರಿ. ಸರಿಯಾದ ಉತ್ತರವನ್ನು ಈಗ ನಾವು ಆಡಿ ಕಂಡುಹಿಡಿಯೋಣ.” ಹೇಳುವವರೆಗೆ ಎದೆ ಹೊಡೆದುಕೊಳ್ಳುತ್ತಿತ್ತು. ಹೇಳಿದ ಮೇಲೆ ಯಾರೂ ನಗಲಿಲ್ಲ. ಪೆನ್ನುಗಳ ಸದ್ದು ಮಾತ್ರ ಕೇಳಿತು.

ಹೊರಗಿನ ಜಗಲಿಯಲ್ಲಿ ಸೀಮೆಸುಣ್ಣದಿಂದ ಸಾಲಾಗಿ ಮನೆಗಳನ್ನು ಬರೆದೆ: ಪ್ರಮೋಟರ್, ಆಪರೇಟರ್, ಝಡ್, ವೈ, ಎ. ಸ್ವಲ್ಪ ದೂರದಲ್ಲಿ ಐ. ಇವೆಲ್ಲವನ್ನೂ ಸುತ್ತುವರಿದು ಒಂದು ದೊಡ್ಡ ಗೆರೆ, ಅದೇ ಕೋಶಪೊರೆ. ಅದರಲ್ಲಿ ಒಂದು ಬಾಗಿಲು. ಪಾತ್ರಗಳು ಹೀಗಿದ್ದವು.

ಒಬ್ಬ ರಿಪ್ರೆಸರ್, ಆಪರೇಟರ್ ಮನೆಯಲ್ಲಿ ಕುಳಿತಿರಬೇಕು. ಒಬ್ಬಳು ಪಾಲಿಮರೇಸ್, ಪ್ರಮೋಟರ್‌ನಿಂದ ಹೊರಟು ನಡೆಯಬೇಕು. ದಾರಿ ಬಿಟ್ಟರೆ ಕೊನೆಯವರೆಗೆ ಹೋಗಿ ಒಂದು ಹಸಿರು ಚೀಟಿ (ಬೀಟಾ ಗ್ಯಾಲಕ್ಟೋಸಿಡೇಸ್), ಒಂದು ಹಳದಿ ಚೀಟಿ (ಪರ್ಮಿಯೇಸ್) ಕೊಡಬೇಕು. ಐದಾರು ಮಂದಿ ಗೆರೆಯ ಹೊರಗೆ ಲ್ಯಾಕ್ಟೋಸ್. ಬಾಗಿಲಲ್ಲಿ ಹಳದಿ ಚೀಟಿ ಇದ್ದರೆ ಮಾತ್ರ ಒಳಗೆ ಪ್ರವೇಶ. ಒಳಗೆ ಬಂದವರನ್ನು ಹಸಿರು ಚೀಟಿ ಹಿಡಿದವರು ಮುಟ್ಟಿದರೆ ಕೆಲವರು ಒಡೆದು ಹೋಗುತ್ತಾರೆ, ಕೆಲವರು ಅಲೋಲ್ಯಾಕ್ಟೋಸ್ ಆಗಿ ರಿಪ್ರೆಸರ್‌ನ ಕೈ ಹಿಡಿಯುತ್ತಾರೆ. ಕೈ ಹಿಡಿಸಿಕೊಂಡ ರಿಪ್ರೆಸರ್ ಎದ್ದು ಮನೆ ಬಿಡಬೇಕು.

ಮೊದಲ ಸುತ್ತಿಗೆ ನಿನ್ನೆಯ ಪಾಠದ ನಿಯಮವನ್ನೇ ಇಟ್ಟೆ: ರಿಪ್ರೆಸರ್ ಕಡ್ಡಾಯವಾಗಿ ಕುಳಿತೇ ಇರಬೇಕು. ಆಟ ಶುರುವಾಯಿತು. ಏನೂ ಆಗಲಿಲ್ಲ. ಪಾಲಿಮರೇಸ್ ನಿಂತಲ್ಲೇ ನಿಂತಳು, ಲ್ಯಾಕ್ಟೋಸ್‌ಗಳು ಬಾಗಿಲ ಹೊರಗೇ ಉಳಿದರು. ಎರಡು ನಿಮಿಷ ಕಳೆದ ಮೇಲೆ ಒಬ್ಬ, “ಮ್ಯಾಮ್, ಇದು ಹೀಗೇ ಇದ್ರೆ ಬ್ಯಾಕ್ಟೀರಿಯ ಹಾಲಿನೊಳಗೆ ಬಿದ್ದರೂ ಉಪವಾಸ ಸಾಯ್ತದೆ” ಎಂದ. ಎಲ್ಲರೂ ನಕ್ಕರು. ಅವನ ಮಾತನ್ನೇ ಹಲಗೆಯ ಮೇಲೆ ಬರೆದೆ.

ಎರಡನೇ ಸುತ್ತಿಗೆ ಚೌಕಾಬಾರದ ನಾಲ್ಕು ಹುಣಸೆ ಬೀಜಗಳನ್ನು ತಂದಿದ್ದೆ, ಒಂದು ಬದಿ ಉಜ್ಜಿ ಬಿಳಿ ಮಾಡಿದವು. ಹೊಸ ನಿಯಮ: ಪ್ರತಿ ಬಾರಿ ಬೀಜ ಎಸೆಯಬೇಕು. ನಾಲ್ಕೂ ಕಪ್ಪಾಗಿ ಬಿದ್ದರೆ ಮಾತ್ರ ರಿಪ್ರೆಸರ್ ಒಮ್ಮೆ ಎದ್ದು ಕೂರಬೇಕು. ಎರಡು ಬದಿಗೂ ಸಮಾನ ಅವಕಾಶವಿದ್ದರೆ ಇದು 16ರಲ್ಲಿ 1 ಎಂದು ಅವರೇ ಲೆಕ್ಕ ಹಾಕಿದರು. ಹತ್ತು ಎಸೆತದವರೆಗೆ ಏನೂ ಬೀಳಲಿಲ್ಲ. ಹನ್ನೊಂದಕ್ಕೂ ಇಲ್ಲ. ಮುಂದೆ ಒಂದು ಎಸೆತಕ್ಕೆ ನಾಲ್ಕೂ ಕಪ್ಪು ಬಿದ್ದವು. ರಿಪ್ರೆಸರ್ ಎದ್ದ, ಪಾಲಿಮರೇಸ್ ಓಡಿದಳು, ಒಂದು ಹಸಿರು ಒಂದು ಹಳದಿ ಚೀಟಿ ಬಂತು. ರಿಪ್ರೆಸರ್ ಮತ್ತೆ ಕುಳಿತ. ಆದರೆ ಬಾಗಿಲಲ್ಲಿ ಈಗ ಒಂದು ಚೀಟಿ ಇತ್ತು. ಒಬ್ಬ ಲ್ಯಾಕ್ಟೋಸ್ ಒಳಗೆ ಬಂದ, ಹಸಿರು ಚೀಟಿ ಮುಟ್ಟಿತು, ಅಲೋಲ್ಯಾಕ್ಟೋಸ್ ರಿಪ್ರೆಸರ್‌ನ ಕೈ ಹಿಡಿಯಿತು. ಅಲ್ಲಿಂದ ಮುಂದೆ ಚೀಟಿಗಳು ರಾಶಿ ಬಿದ್ದವು, ಹೊರಗಿದ್ದವರೆಲ್ಲ ಒಳಗೆ ಬಂದರು.

ಲ್ಯಾಕ್ಟೋಸ್ ಪೂರ್ತಿ ಒಡೆದು ಮುಗಿದ ಮೇಲೆ ರಿಪ್ರೆಸರ್‌ನ ಕೈ ಹಿಡಿಯುವವರು ಯಾರೂ ಉಳಿಯಲಿಲ್ಲ. ಅವನು ತಾನಾಗಿಯೇ ಹೋಗಿ ತನ್ನ ಮನೆಯಲ್ಲಿ ಕುಳಿತ. ಅದನ್ನು ನಾನು ಹೇಳಬೇಕಾಗಲಿಲ್ಲ.

ಪ್ರಶ್ನೆ ಕೇಳಿದ್ದ ವಿದ್ಯಾರ್ಥಿನಿಯನ್ನು ಉತ್ತರ ಹೇಳಲು ಕರೆದೆ. “ಆಫ್ ಅಂದ್ರೆ ಪೂರ್ತಿ ಬಂದ್ ಅಲ್ಲ. ಅಪರೂಪಕ್ಕೆ ಸೋರುತ್ತೆ. ಆ ಸೋರಿದ್ದೇ ಬಾಗಿಲು” ಎಂದಳು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಮುಂದಿನ ಪ್ರಶ್ನೆ, ಪ್ಯಾರಿಸ್‌ನ ಪ್ರಯೋಗ

ಅವಳು ಅಷ್ಟಕ್ಕೆ ಬಿಡಲಿಲ್ಲ. “ಐ ಜೀನೇ ಕೆಟ್ಟುಹೋದ್ರೆ?” ಎಂದಳು. ಈ ಬಾರಿ ಅವಸರಪಡದೆ ಪ್ರಶ್ನೆಯನ್ನು ತರಗತಿಗೇ ಬಿಟ್ಟೆ. ರಿಪ್ರೆಸರ್ ಪಾತ್ರಧಾರಿಯನ್ನು ಆಟದಿಂದ ಹೊರಗೆ ಕಳಿಸಿ ನೋಡಿದರು. ಲ್ಯಾಕ್ಟೋಸ್ ಇರಲಿ, ಇಲ್ಲದಿರಲಿ, ಪಾಲಿಮರೇಸ್ ಓಡುತ್ತಲೇ ಇದ್ದಳು. ಇಂಥ ಬ್ಯಾಕ್ಟೀರಿಯಗಳು ನಿಜವಾಗಿಯೂ ಇವೆ, ಅವುಗಳಿಂದಲೇ ರಿಪ್ರೆಸರ್‌ನ ಸುಳಿವು ಸಿಕ್ಕಿತು ಎಂದು ಹೇಳಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಪ್ರಯೋಗವನ್ನು ವಿವರಿಸಿದೆ.

ಆರ್ಥರ್ ಪಾರ್ಡಿ, ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ ಸೇರಿ ಬ್ಯಾಕ್ಟೀರಿಯಗಳ ಸಂಯುಗ್ಮನವನ್ನು ಬಳಸಿಕೊಂಡರು. ಸರಿಯಿರುವ ಐ ಮತ್ತು ಝಡ್ ಜೀನ್‌ಗಳನ್ನು, ಎರಡೂ ಕೆಟ್ಟಿರುವ ಇನ್ನೊಂದು ಬ್ಯಾಕ್ಟೀರಿಯಕ್ಕೆ ವರ್ಗಾಯಿಸಿದರು. ಹೋದದ್ದು ಡಿಎನ್‌ಎ ಮಾತ್ರ, ಕೋಶರಸ ಅಲ್ಲ. ಪ್ರಚೋದಕ ಇಲ್ಲದಿದ್ದರೂ ಕಿಣ್ವದ ತಯಾರಿಕೆ ಕೆಲವೇ ನಿಮಿಷಗಳಲ್ಲಿ ಶುರುವಾಯಿತು. ಆಮೇಲೆ, ಒಂದು ಗಂಟೆಗೂ ಹೆಚ್ಚು ಸಮಯ ಕಳೆಯುವ ಹೊತ್ತಿಗೆ ನಿಂತುಹೋಯಿತು. ಪ್ರಚೋದಕ ಹಾಕಿದರೆ ಮತ್ತೆ ಶುರುವಾಯಿತು. ಹೊಸ ಕೋಶದಲ್ಲಿ ಮೊದಲು ರಿಪ್ರೆಸರ್ ಇರಲಿಲ್ಲ, ಐ ಜೀನ್ ನಿಧಾನವಾಗಿ ಅದನ್ನು ತಯಾರಿಸಿ ತುಂಬಿದ ಮೇಲೆ ದಾರಿ ಮುಚ್ಚಿತು. ಹಾಗಾಗಿ ಐ ಜೀನ್ ಕೋಶದಲ್ಲಿ ಓಡಾಡುವ ಒಂದು ತಡೆಯುವ ವಸ್ತುವನ್ನು ಮಾಡುತ್ತದೆ ಎಂದು ತಿಳಿಯಿತು. ಈ ಫಲಿತಾಂಶ 1959ರಲ್ಲಿ ವಿವರವಾಗಿ ಪ್ರಕಟವಾಯಿತು. ಆಪರಾನ್ ಸಿದ್ಧಾಂತದ ಪ್ರಸಿದ್ಧ ಲೇಖನ 1961ರದು. ಜಾಕೋಬ್, ಮೊನೊ ಮತ್ತು ಆಂದ್ರೆ ಲ್ವಾಫ್ ಅವರಿಗೆ 1965ರ ನೊಬೆಲ್ ಬಂತು.

ಎರಡು ವಿಷಯಗಳು ವಿದ್ಯಾರ್ಥಿಗಳಿಗೆ ತುಂಬ ಹಿಡಿಸಿದವು. ಪ್ರಚೋದಕವೇ ನೇರವಾಗಿ ಚಾಲನೆ ಕೊಡುತ್ತದೆ ಎಂದು ಮೊನೊ ಅವರೂ ಮೊದಲು ತಿಳಿದಿದ್ದರು, ಈ ಪ್ರಯೋಗ ಅವರ ಅಭಿಪ್ರಾಯವನ್ನು ಬದಲಿಸಿತು. ಮೊದಲ ದಿನ ನಮ್ಮ ತರಗತಿ ಮಾಡಿದ ತಪ್ಪೂ ಅದೇ ಜಾತಿಯದು. ಎರಡನೆಯದು, ರಿಪ್ರೆಸರ್ ಒಂದು ಆರ್‌ಎನ್‌ಎ ಇರಬಹುದು ಎಂದು 1961ರಲ್ಲಿ ಅವರು ಊಹಿಸಿದ್ದರು. 1966ರಲ್ಲಿ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮ್ಯೂಲರ್-ಹಿಲ್ ಅದನ್ನು ಬೇರ್ಪಡಿಸಿ ಪ್ರೋಟೀನ್ ಎಂದು ತೋರಿಸಿದರು. ಪುಸ್ತಕದಲ್ಲಿ ಇಂದು ಒಂದೇ ಸಾಲಿನಲ್ಲಿರುವ ಮಾತು ತಿದ್ದಿ ತಿದ್ದಿ ಬಂದದ್ದು ಎಂದು ತಿಳಿದಾಗ ತಮ್ಮ ತಪ್ಪಿನ ಬಗ್ಗೆ ಅವರಿಗೆ ನಾಚಿಕೆ ಕಡಿಮೆಯಾಯಿತು. ನನಗೂ.

ಗ್ಲೂಕೋಸ್ ಇದ್ದರೆ?

ಕೊನೆಯ ಹತ್ತು ನಿಮಿಷ ಇನ್ನೊಂದು ನಿಯಂತ್ರಕ ಪ್ರೋಟೀನನ್ನು ಪರಿಚಯಿಸಿದೆ. ಧನಾತ್ಮಕ ನಿಯಂತ್ರಣ ಈ ಹಂತಕ್ಕೆ ಮೀರಿದ್ದು ಎಂದು ಪಠ್ಯಪುಸ್ತಕ ಬಿಟ್ಟಿದೆ. ಆದರೂ ಆಟ ಆಡಿದ ಮೇಲೆ ಅದು ಕಷ್ಟವಾಗಲಿಲ್ಲ. ಗ್ಲೂಕೋಸ್ ಕಡಿಮೆಯಾದಾಗ ಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು ಹೆಚ್ಚುತ್ತದೆ. ಅದು ಸಿಎಪಿ ಎಂಬ ಪ್ರೋಟೀನಿಗೆ ಸೇರಿದಾಗ ಸಿಎಪಿ ಪ್ರಮೋಟರ್ ಪಕ್ಕದಲ್ಲಿ ಕುಳಿತು ಪಾಲಿಮರೇಸ್‌ಗೆ ನೆರವಾಗುತ್ತದೆ. ರಿಪ್ರೆಸರ್ ಎದ್ದರಷ್ಟೇ ಸಾಲದು, ಜೋರಾಗಿ ನಡೆಯಲು ಕೈ ಹಿಡಿದು ಕರೆಯುವವರೂ ಬೇಕು. ಗ್ಲೂಕೋಸ್ ಧಾರಾಳವಾಗಿದ್ದರೆ ಈ ನೆರವು ಕಡಿಮೆ. ಅದರ ಜೊತೆಗೆ, ಗ್ಲೂಕೋಸನ್ನು ಒಳಗೆ ತರುವ ವ್ಯವಸ್ಥೆಯ ಒಂದು ಪ್ರೋಟೀನ್ ಪರ್ಮಿಯೇಸನ್ನೇ ತಡೆಯುವುದರಿಂದ ಲ್ಯಾಕ್ಟೋಸ್ ಹೊರಗೇ ಉಳಿಯುತ್ತದೆ. ಎರಡೂ ಸಕ್ಕರೆ ಕೊಟ್ಟರೆ ಬ್ಯಾಕ್ಟೀರಿಯ ಮೊದಲು ಗ್ಲೂಕೋಸ್ ಮುಗಿಸಿ, ಸ್ವಲ್ಪ ಹೊತ್ತು ಬೆಳವಣಿಗೆ ನಿಂತು, ಆಮೇಲೆ ಲ್ಯಾಕ್ಟೋಸ್ ಮೇಲೆ ಬೆಳೆಯುತ್ತದೆ. ಹೀಗೆ ಎರಡು ಮೆಟ್ಟಿಲಾಗಿ ಏರುವ ಬೆಳವಣಿಗೆಯ ರೇಖೆಯನ್ನು ಮೊನೊ 1940ರ ದಶಕದ ಆರಂಭದಲ್ಲೇ ಗುರುತಿಸಿದ್ದರು. ನಡುವಿನ ಸಮತಟ್ಟು ಭಾಗ ಏಕೆ ಎಂದು ಕೇಳಿದಾಗ, “ಚೀಟಿ ರಾಶಿ ಬೀಳೋಕೆ ಟೈಮ್ ಬೇಕಲ್ಲ ಮ್ಯಾಮ್” ಎಂದು ಪಾಲಿಮರೇಸ್ ಪಾತ್ರಧಾರಿ ಉತ್ತರಿಸಿದಳು.

ಆಟದ ಮಿತಿಗಳು

ಇದನ್ನು ಬಳಸುವವರು ಮೂರು ಸಂಗತಿಗಳನ್ನು ತರಗತಿಯಲ್ಲೇ ಹೇಳಿಬಿಡಬೇಕು. ಒಂದು, ಪಾಲಿಮರೇಸ್ ಪ್ರೋಟೀನ್ ಕೊಡುವುದಿಲ್ಲ, ಎಂಆರ್‌ಎನ್‌ಎ ಕೊಡುತ್ತದೆ. ರೈಬೋಸೋಮ್ ಹಂತವನ್ನು ನಾವು ಹಾರಿಸಿದ್ದೇವೆ. ಎರಡು, 16ರಲ್ಲಿ 1 ಎಂಬುದು ಬೀಜಗಳ ಲೆಕ್ಕ, ಬ್ಯಾಕ್ಟೀರಿಯದ್ದಲ್ಲ. ಮೂರು, ರಿಪ್ರೆಸರ್‌ಗೆ ಕಣ್ಣಿಲ್ಲ, ಮನಸ್ಸಿಲ್ಲ. “ಬ್ಯಾಕ್ಟೀರಿಯಕ್ಕೆ ಲ್ಯಾಕ್ಟೋಸ್ ಬಂದದ್ದು ಗೊತ್ತಾಗುತ್ತದೆ” ಎಂದು ನಾನೇ ಮೊದಲ ದಿನ ಹಲವು ಬಾರಿ ಹೇಳಿದ್ದೆ. ಅಣುಗಳು ಅಂಟುತ್ತವೆ, ಆಕಾರ ಬದಲಾಗುತ್ತದೆ, ಬಿಡುತ್ತವೆ. ಅಲ್ಲಿ ‘ಗೊತ್ತಾಗುವುದು’ ಅಷ್ಟೇ.

ಪಾಠ ಯೋಜನೆಗೆ ಸೇರಿಸಿದ ಒಂದು ಕಾಲಂ

ಟ್ಯೂಬ್‌ಲೈಟ್ ಉದಾಹರಣೆಯನ್ನು ನಾನು ಪೂರ್ತಿ ಬಿಟ್ಟಿಲ್ಲ. ಜೀನ್ ಕಳೆದುಹೋಗುವುದಿಲ್ಲ ಎಂದು ತೋರಿಸಲು ಅದು ಸಾಕು. ಅದಾದ ಮೇಲೆ, “ಈ ಉದಾಹರಣೆ ಎಲ್ಲಿ ಸೋಲುತ್ತದೆ?” ಎಂದು ವಿದ್ಯಾರ್ಥಿಗಳನ್ನೇ ಕೇಳುತ್ತೇನೆ. ಬಿಗಿಯಾಗಿ ತಿರುಗಿಸಿದರೂ ಹನಿ ಹನಿ ಸೋರುವ ನಲ್ಲಿ ಇದಕ್ಕಿಂತ ಹತ್ತಿರದ ಹೋಲಿಕೆ ಎಂದು ಆ ತರಗತಿಯೇ ಸೂಚಿಸಿತು.

ಪಾಠ ಯೋಜನೆಯ ನಮೂನೆಯಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಬೋಧನೋಪಕರಣ, ಮೌಲ್ಯಮಾಪನ ಎಂದು ಕಾಲಂಗಳಿರುತ್ತವೆ. ಅವುಗಳ ಪಕ್ಕದಲ್ಲಿ ಪೆನ್ಸಿಲ್‌ನಿಂದ ನಾನೊಂದು ಕಾಲಂ ಎಳೆದುಕೊಂಡಿದ್ದೇನೆ: ‘ನಾನು ಹೇಳಿದ್ದು ಅಕ್ಷರಶಃ ನಿಜವಾದರೆ ಏನಾಗುತ್ತದೆ?’ ಲ್ಯಾಕ್ ಆಪರಾನ್ ಪಾಠಕ್ಕೆ ಅದನ್ನು ಮೊದಲೇ ತುಂಬಿದ್ದರೆ, ಆಫ್ ಎಂದರೆ ಸೊನ್ನೆಯಾದರೆ ಬ್ಯಾಕ್ಟೀರಿಯ ಹಾಲಿನಲ್ಲೂ ಉಪವಾಸ ಸಾಯುತ್ತದೆ ಎಂಬ ಉತ್ತರ ನನಗೇ ಸಿಗುತ್ತಿತ್ತು. ಉತ್ತರ ಸಿಗದಿದ್ದ ದಿನ “ನಾಳೆ ನೋಡಿ ಹೇಳುತ್ತೇನೆ” ಎನ್ನುವುದನ್ನೂ ಈಗ ಅಭ್ಯಾಸ ಮಾಡುತ್ತಿದ್ದೇನೆ. ಕಳೆದ ವಾರ ಒಂಬತ್ತನೇ ತರಗತಿಯಲ್ಲಿ ಹಾಗೆ ಹೇಳಿದೆ. ಮರುದಿನ ನಾನು ಮರೆತಿದ್ದೇನೋ ಎಂದು ನೋಡಲು ಕೇಳಿದವನೇ ಬಾಗಿಲಲ್ಲಿ ಕಾಯುತ್ತಿದ್ದ.